ಸೊಗಡು ಎಲ್ಲಿಂದ ಬಂತು

ಅವರೇಕಾಯಿಯ ಸೊಗಡು ಅದರ ಯಾವ ಜೀನಿನಿಂದ ಬರುತ್ತದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಒಂದು ಚಳಿಗಾಲದಲ್ಲಿ ಆ ಕೆಲಸದ ಸುತ್ತ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ನಡೆದ ಕ್ರಮವನ್ನು ಮಾತ್ರ ತಪ್ಪಿಸುವುದಿಲ್ಲ, ಏಕೆಂದರೆ ಕ್ರಮ ತಪ್ಪಿದರೆ ನಾನು ಮಾಡಿದ್ದು ಇದ್ದುದಕ್ಕಿಂತ ಮೆತ್ತಗೆ ಕಂಡುಬಿಡುತ್ತದೆ.

ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂವು ಬಿಡುವುದಿಲ್ಲ. ಚಳಿ ಬಿದ್ದ ಮೇಲೆ ಕಾಯಿ ಕಟ್ಟುತ್ತದೆ. ಸಿಪ್ಪೆಯ ಮೇಲಿನ ಸಣ್ಣ ಕೂದಲುಗಳಿಂದ ಒಂದು ಎಣ್ಣೆಯಂಥ ಜಿಗುಟು ಹೊರಬರುತ್ತದೆ, ಅದೇ ಸೊಗಡು. ಕೈಗೆ ಹತ್ತಿದರೆ ಊಟ ಮಾಡಿ ಕೈ ತೊಳೆದ ಮೇಲೂ ಇರುತ್ತದೆ. ವರ್ಷದ ಯಾವ ತಿಂಗಳಲ್ಲಾದರೂ ಫಸಲು ಕೊಡುವ ಗಿಡ್ಡ ತಳಿಗಳು ಬಂದು ಬಹಳ ಕಾಲವಾಯಿತು. ಆದರೆ ಅವುಗಳಲ್ಲಿ ಸೊಗಡಿಲ್ಲ, ಇದ್ದರೂ ಇಲ್ಲದಷ್ಟು. ಎಲ್ಲ ಕಾಲಕ್ಕೂ ಬರುವ, ಸೊಗಡೂ ಇರುವ ಗಿಡ್ಡ ಅವರೆ ಬೇಕು ಎಂಬುದು ತುಮಕೂರಿನ ಹೊರವಲಯದಲ್ಲಿದ್ದ ನಮ್ಮ ಪ್ರಯೋಗಾಲಯದ ಗುರಿ.

ನನ್ನ ಪಾಲಿನ ಕೆಲಸ ಇಷ್ಟು. ದ್ವಿದಳ ಬೆಳೆಗಳ ಜೀನೋಮಿನಲ್ಲಿ ಬಹಳ ಹಿಂದೆಯೇ ಅನೇಕ ಜೀನುಗಳು ಎರಡೆರಡಾಗಿವೆ. ಒಂದು ಪ್ರತಿ ಹಳೆಯ ಕೆಲಸವನ್ನು ಮುಂದುವರಿಸಿದರೆ, ಇನ್ನೊಂದಕ್ಕೆ ಬಿಡುವು ಸಿಗುತ್ತದೆ. ಅದು ಹೊಸದೊಂದು ಕೆಲಸ ಕಲಿಯಬಹುದು, ಕೆಡಬಹುದು, ಇದ್ದೂ ಸುಮ್ಮನಿರಬಹುದು. ಅಂಥ ಒಂದು ಜೋಡಿಯನ್ನು ನಾನು ಅವರೆಯಲ್ಲಿ ಗುರುತಿಸಿದ್ದೆ. ಮೊದಲನೆಯದು ಬೇರು, ಎಲೆ, ಹೂವು ಎಲ್ಲ ಕಡೆ ದುಡಿಯುತ್ತಿತ್ತು. ಎರಡನೆಯದು ನಾಟಿ ಅವರೆಯ ಕಾಯಿಸಿಪ್ಪೆಯಲ್ಲಿ ಮಾತ್ರ, ಕಾಳು ತುಂಬುವ ಹೊತ್ತಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಗಿಡ್ಡ ತಳಿಗಳಲ್ಲಿ ಅದೇ ಜೀನು ಇತ್ತು, ಆದರೆ ಅದನ್ನು ಎಬ್ಬಿಸುವ, ಅದರ ಮುಂದಿರಬೇಕಾದ ಡಿಎನ್‌ಎ ತುಂಡು ಉದುರಿಹೋಗಿತ್ತು. ಇದನ್ನು ಹಿಡಿಯಲು ನನಗೆ ಕೆಲವು ಚಳಿಗಾಲಗಳು ಬೇಕಾದವು. ಈ ಕೆಲಸ ನನ್ನ ಹೆಸರಿನಲ್ಲಿ ಹೊರಬಂದರೆ ನನ್ನ ತಾತ್ಕಾಲಿಕ ಹುದ್ದೆ ಉಳಿಯುತ್ತಿತ್ತು. ಬರದಿದ್ದರೆ ಸುಗ್ಗಿ ಮುಗಿಯುತ್ತಿದ್ದಂತೆ ನನ್ನ ಕೆಲಸವೂ ಮುಗಿಯುತ್ತಿತ್ತು.

ಯೋಜನೆಯ ಮುಖ್ಯಸ್ಥರು ತಳಿ ಬೆಸೆಯುವವರು. ಕುಣಿಗಲ್, ಹೆಬ್ಬೂರು ಕಡೆಯ ಹಳ್ಳಿಗಳನ್ನು ಸುತ್ತಿ ನಾಟಿ ಬೀಜ ಕೂಡಿಹಾಕಿದ್ದು ಅವರೇ. ಆ ಶ್ರಮ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ನಾಟಿಗೂ ಗಿಡ್ಡಕ್ಕೂ ಬೆಸೆದು ಬಂದ ಪೀಳಿಗೆಗಳಲ್ಲಿ ಒಂದನ್ನು ಅವರು ಆರಿಸಿಕೊಂಡಿದ್ದರು. ನಾವೆಲ್ಲ ಅದನ್ನು ಹೊಸ ಸಾಲು ಎನ್ನುತ್ತಿದ್ದೆವು. ಗುಬ್ಬಿಯ ಆಚೆ, ಬಿದರೆಹಳ್ಳಿ ಕಾವಲ್ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಹೆಂಗಸಿನ ಹೊಲವನ್ನು ಗುತ್ತಿಗೆಗೆ ಹಿಡಿದು ಅದನ್ನು ಬೆಳೆಸಿದ್ದೆವು. ಪಕ್ಕದಲ್ಲೇ ಆಕೆಯ ಸ್ವಂತ ಹೊಲದಲ್ಲಿ, ರಾಗಿಯ ನಡುನಡುವೆ ಬಿಟ್ಟ ಅಕ್ಕಡಿ ಸಾಲುಗಳಲ್ಲಿ ನಾಟಿ ಅವರೆ ಇತ್ತು.

ಆ ಚಳಿಗಾಲದ ಮೊದಲ ಕೊಯ್ಲಿನ ಕಾಯಿ ಪ್ರಯೋಗಾಲಯಕ್ಕೆ ಬಂದ ದಿನ ಮುಖ್ಯಸ್ಥರು ಹೊಸ ಸಾಲಿನ ಕಾಯೊಂದನ್ನು ಮೂಸಿ ಕೂಗಿಕೊಂಡರು.

“ಬಂತು ನೋಡ್ರೀ! ಸೊಗಡು ಬಂತು!”

ಎಲ್ಲರೂ ಮೂಸಿದೆವು. ನನ್ನ ಮೂಗಿಗೂ ಬಂತು. ಸಿಹಿ ಹಂಚಿದರು.

ಮೂಗಿಗೆ ಬಂದದ್ದನ್ನು ಯಂತ್ರದಲ್ಲಿ ತೋರಿಸಬೇಕಾದವಳು ನಾನು. ಎರಡನೆಯ ಜೀನು ಹೊಸ ಸಾಲಿನಲ್ಲಿ ಎದ್ದಿದ್ದರೆ ಸಿಪ್ಪೆಯಲ್ಲಿ ಅದರ ಆರ್‌ಎನ್‌ಎ, ಎಂದರೆ ಜೀನು ದುಡಿಯುವಾಗ ಹೊರಡಿಸುವ ನಕಲು, ಸಿಗಲೇಬೇಕು. ಆರ್‌ಎನ್‌ಎ ಬಲು ನಾಜೂಕು, ಬೆರಳಿನ ಬೆವರು ಸಾಕು ಅದನ್ನು ತುಂಡರಿಸಲು. ಅದಕ್ಕಾಗಿ ಕೈಗವಸು ಹಾಕಿ, ಕಾಯಿಯನ್ನು ಗಿಡದಲ್ಲಿದ್ದಾಗಲೇ ಕತ್ತರಿಸಿ, ಸಿಪ್ಪೆ ಸುಲಿದು, ಫಾಯಿಲ್‌ನಲ್ಲಿ ಸುತ್ತಿ, ದ್ರವ ಸಾರಜನಕದ ಕ್ಯಾನಿಗೆ ಇಳಿಸುತ್ತಿದ್ದೆ. ಪ್ರಯೋಗಾಲಯದಲ್ಲಿ ಅದನ್ನು ಹೆಪ್ಪುಗಟ್ಟಿದ ಹಾಗೆಯೇ ಒರಳಿನಲ್ಲಿ ಹಿಟ್ಟಾಗಿ ಅರೆದು, ಆರ್‌ಎನ್‌ಎ ತೆಗೆದು, ಯಂತ್ರಕ್ಕೆ ಕೊಡುತ್ತಿದ್ದೆ. ಜೀನು ದುಡಿಯುತ್ತಿದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ. ದುಡಿಯದಿದ್ದರೆ ಗೆರೆ ನೆಲ ಬಿಟ್ಟು ಮೇಲೇಳುವುದಿಲ್ಲ.

ನಾಟಿಯ ಗೆರೆ ಎದ್ದಿತು. ಹೊಸ ಸಾಲಿನದು ಮಲಗಿಯೇ ಇತ್ತು.

ನನ್ನ ತಪ್ಪೇ ಇರಬೇಕು ಎಂದುಕೊಂಡೆ. ಆರ್‌ಎನ್‌ಎ ಕೆಟ್ಟಿದ್ದರೆ ಯಾವ ಜೀನಿನ ಗೆರೆಯೂ ಏಳಬಾರದು. ಆದರೆ ಅದೇ ಮಾದರಿಯಲ್ಲಿ ಮೊದಲನೆಯ ಜೀನಿನ ಗೆರೆ ಚೆನ್ನಾಗಿ ಎದ್ದಿತ್ತು. ಎಂದರೆ ಮಾದರಿ ಕೆಟ್ಟಿರಲಿಲ್ಲ. ಮುಖ್ಯಸ್ಥರಿಗೆ ಹೋಗಿ ಹೇಳಿದೆ.

“ನೋಡಮ್ಮ, ಮೂಗು ಸುಳ್ಳು ಹೇಳಲ್ಲ. ನಿನ್ ಮೆಷಿನ್ನೇ ಕೆಟ್ಟಿರ್ಬೇಕು. ಇನ್ನೊಂದ್ ಸಲ ಮಾಡು.”

ಹೊಸದಾಗಿ ಮಾದರಿ ತಂದು ಇನ್ನೊಮ್ಮೆ ಮಾಡಿದೆ. ಅದೇ ಬಂತು. ಗ್ರಾಫನ್ನು ಮುದ್ರಿಸಿ ಅವರ ಮೇಜಿನ ಮೇಲಿಟ್ಟು, ಈ ಸಾಲಿನಲ್ಲಿ ಆ ಜೀನು ಮಾತಾಡುತ್ತಿಲ್ಲ ಸಾರ್, ಸೊಗಡು ಬೇರೆ ಎಲ್ಲಿಂದಲೋ ಬರುತ್ತಿದೆ ಎಂದೆ. ಅವರು ಗ್ರಾಫನ್ನು ಬೋರಲು ಹಾಕಿ ಅದರ ಮೇಲೆ ಟೀ ಲೋಟ ಇಟ್ಟರು.

ಆಮೇಲೆ ಪರಿಶೀಲನಾ ಸಭೆ ಬಂತು. ಪ್ರಧಾನ ಕಚೇರಿಯಿಂದ ನಿರ್ದೇಶಕಿ ಬಂದಿದ್ದರು. ಪರದೆಯ ಮೇಲೆ ನನ್ನ ಎರಡು ಜೀನುಗಳು, ನನ್ನ ಗ್ರಾಫು, ನಾನು ಬರೆದ ವಾಕ್ಯಗಳು ಕೂಡ ಒಂದೊಂದಾಗಿ ಬಂದವು. ಹೊಸ ಸಾಲಿನ ಮಲಗಿದ ಗೆರೆ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಈ ಜೀನನ್ನು ಹಿಡಿದದ್ದು ಹೇಗೆಂದು ಮುಖ್ಯಸ್ಥರು ವಿವರಿಸಿದರು. ಮನೆಯಲ್ಲಿ ಅವರೆ ಸುಲಿಯುತ್ತಾ ಕೂತಾಗ ಹೊಳೆಯಿತಂತೆ.

ನಿರ್ದೇಶಕಿ ಕೇಳಿದರು: “ಲ್ಯಾಬ್ ಕೆಲ್ಸ ಯಾರು ಮಾಡಿದ್ದು?”

“ಇದಾರೆ ಮೇಡಂ, ನಮ್ಮಲ್ಲಿ ಒಬ್ಳು ಹುಡುಗಿ. ಟ್ಯೂಬು ಗೀಬು ತೊಳೆದ್ಕೊಡ್ತಾಳೆ. ಕೈ ಸ್ವಲ್ಪ ನಿಧಾನ.”

ಜನ ನಕ್ಕರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ನನಗೆ ನಲವತ್ತು ದಾಟಿದೆ. ಹೊರಗೆ ಬಂದಾಗ ಅವರೇ ಕರೆದು, ಮುಂದಿನ ವರ್ಷಕ್ಕೆ ನಿನ್ನ ಹುದ್ದೆ ಮುಂದುವರಿಸುವುದು ಕಷ್ಟ, ಬೇರೆ ಕಡೆ ನೋಡಿಕೊಂಡಿರು ಎಂದು ಸಮಾಧಾನದ ದನಿಯಲ್ಲಿ ಹೇಳಿದರು. ಉಪ್ಪಾರಹಳ್ಳಿಯ ಮನೆಗೆ ನಡೆದೇ ಹೋದೆ. ಅಳು ಬರಲಿಲ್ಲ. ಅದೇ ಜನರ ಮುಂದೆ, ಅದೇ ನಗುವನ್ನು ಅವರ ಮೇಲೆ ತಿರುಗಿಸಬೇಕು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಅದೊಂದೇ.

ಮುಂದಿನ ವಾರ ಹೊಲಕ್ಕೆ ಹೋದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಹೊಲದ ಒಡತಿ ಬುಟ್ಟಿಯೊಳಗೆ ಗೋಣಿತಾಟು ಹರವಿಕೊಂಡು ಕಾಯಿ ಕೀಳುತ್ತಿದ್ದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಬಾಯಿ ಜೋರು, ಕೈ ಅದಕ್ಕಿಂತ ಜೋರು.

“ಏನ್ ಮೇಡಮ್ಮೋರೆ, ಕತ್ರಿ ಹಿಡ್ಕೊಂಡ್ ಬಂದ್ಬುಟ್ರಾ? ಕಾಯಿಗೆ ಆಪ್ರೇಸನ್ ಮಾಡಕ್ಕೆ?”

“ಹೂಂ ಅಕ್ಕ. ನೀವು ಕಿತ್ತರೆ ಕಿತ್ತಂಗೆ, ನಾನು ಕಿತ್ತರೆ ಆಪ್ರೇಷನ್.”

“ನಮ್ಮೂರ್ ಹೆಸ್ರೇ ಇಡ್ತಾರಂತಲ್ಲ ಈ ತಳಿಗೆ? ಸಾಹೇಬ್ರು ಹೇಳವ್ರೆ. ಊರ್ಗೆಲ್ಲಾ ಸಾರ್ಬುಟ್ಟಿವ್ನಿ.”

ಆಕೆ ಮೊದಲು ತಮ್ಮ ನಾಟಿ ಕಾಯಿ ಕಿತ್ತು ತಾಟಿಗೆ ಸುರಿದರು. ಅದನ್ನು ಸಂತೆಯ ಚೀಲಕ್ಕೆ ತುಂಬಿ, ಅದೇ ತಾಟನ್ನು ಕೊಡವಿ, ಅದೇ ಬುಟ್ಟಿಯಲ್ಲಿ ನಮ್ಮ ಹೊಸ ಸಾಲಿನ ಕಾಯಿ ಕೀಳಲು ಹೊರಟರು. ತಾಟು ಕಪ್ಪಾಗಿ, ಅಂಟಂಟಾಗಿ, ಚರ್ಮದಂತಾಗಿತ್ತು.

“ತಾಟು ಒಗೆಯಲ್ವಾ ಅಕ್ಕ?”

“ಅಯ್ಯೋ, ಅವರೆ ತಾಟ ಒಗೀತಾರಾ ಯಾರಾದ್ರೂ? ಸೊಗಡು ಹೊಂಟೋಗಲ್ವಾ? ನಮ್ಮತ್ತೆ ಕಾಲ್ದಿಂದ ಒಗ್ದಿಲ್ಲ. ಸಂತೇಲಿ ಬಿಚ್ಚಿದ್ರೆ ಆ ಕಡೆ ಸಾಲಿಗೆ ವಾಸ್ನೆ ಹೊಡೀಬೇಕು.”

ನಾನು ಕತ್ತರಿ ಹಿಡಿದು ನಿಂತೇ ಇದ್ದೆ. ನನ್ನ ಮಾದರಿಗಳು ಗಿಡದಿಂದ ನೇರವಾಗಿ ಕ್ಯಾನಿಗೆ ಹೋಗುತ್ತಿದ್ದವು. ಮೂಸುವುದಕ್ಕೆಂದು ಪ್ರಯೋಗಾಲಯಕ್ಕೆ ಬರುತ್ತಿದ್ದ ಕಾಯಿ ಈ ತಾಟಿನಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಮುಖ್ಯಸ್ಥರು ಹೊಲಕ್ಕೆ ಬಂದಾಗಲೂ ಮೊದಲು ನಾಟಿ ಕಾಯೊಂದನ್ನು ಉಜ್ಜಿ ಮೂಸಿ, ಅದೇ ಕೈಯಲ್ಲಿ ಹೊಸ ಸಾಲಿನ ಕಾಯಿ ಮುಟ್ಟುತ್ತಿದ್ದರು.

ಊಹೆ ಸಾಲದು, ಪರೀಕ್ಷಿಸಬೇಕು. ಸಾಬೂನಿನಲ್ಲಿ ಕೈ ಉಜ್ಜಿ ತೊಳೆದು, ಹೊಸ ಸಾಲಿನ ಕಾಯನ್ನು ನನ್ನ ಊಟದ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಹಸಿ ಸೊಪ್ಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಮುಂದಿನ ಸಲ ಅಂಗಡಿಯಿಂದ ಬೀನ್ಸ್ ಕೊಂಡುಹೋಗಿ, ಒಡತಿಯನ್ನು ಕೇಳಿ ಆ ತಾಟಿನಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟೆ. ಏತಕ್ಕೆಂದು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಬಿಚ್ಚಿ ಮೂಸಿದೆ. ಬೀನ್ಸು ಅವರೆಯಂತೆ ಘಮಘಮಿಸುತ್ತಿತ್ತು.

ಇದನ್ನು ಮುಖ್ಯಸ್ಥರಿಗೆ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಲೆಂದೇ ಅವರ ಕೋಣೆಯ ಬಾಗಿಲವರೆಗೆ ಹೋದೆ. ಬಾಗಿಲು ಅರೆ ತೆರೆದಿತ್ತು, ಅವರು ಫೋನಿನಲ್ಲಿದ್ದರು. “ಜೀನ್ ಕಂಡುಹಿಡಿಯೋದು ದೊಡ್ಡದಲ್ಲ ಸಾರ್, ಎಲ್ಲಿ ಹುಡುಕ್ಬೇಕು ಅನ್ನೋ ಕಣ್ಣು ಬೇಕು. ಅದು ನಮ್ಗಿದೆ” ಎನ್ನುತ್ತಿದ್ದರು. ನನ್ನನ್ನು ಕಂಡು ಕೈಸನ್ನೆಯಲ್ಲಿ ಒಳಗೆ ಕರೆದು, ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೇಳಿದರು: “ಮುಂದಿನ್ ವಾರ ಹೊಲದಲ್ಲಿ ಕ್ಷೇತ್ರೋತ್ಸವ. ಮೇಡಂ ಬರ್ತಾರೆ, ರೈತ್ರೂ ಬರ್ತಾರೆ. ಅರೇಂಜ್ಮೆಂಟ್ ನಿಂದು. ಅದಾದ್ರೂ ನೀಟಾಗ್ ಮಾಡು.”

“ನೀಟಾಗ್ ಮಾಡ್ತೀನಿ ಸಾರ್” ಎಂದು ಹೇಳಿ ಹೊರಗೆ ಬಂದೆ. ಹೇಳಬೇಕಾದದ್ದನ್ನು ಹೇಳಬಾರದೆಂದು ತೀರ್ಮಾನಿಸಿದ್ದು ಆ ಹೊಸ್ತಿಲ ಮೇಲೆ.

ವ್ಯವಸ್ಥೆಯಲ್ಲಿ ನಾನು ಯಾವ ಮೋಸವನ್ನೂ ಮಾಡಲಿಲ್ಲ. ವಾಸನೆ ಪರೀಕ್ಷಿಸುವ ಕ್ರಮ ಹೇಗಿರಬೇಕೋ ಹಾಗೆಯೇ ಮಾಡಿದೆ. ಬಂದವರು ಮೊದಲು ರಸ್ತೆ ಬದಿಯಿಂದ ಹೊಸ ಸಾಲಿಗೇ ಹೋಗುವಂತೆ ಹಗ್ಗ ಕಟ್ಟಿಸಿದೆ. ನಾಟಿ ಅವರೆ ಕೊನೆಗೆ. ದಾರಿಯ ಬಾಯಲ್ಲಿ ನೀರು, ಸಾಬೂನು, ಒಗೆದ ಟವೆಲ್ ಇಡಿಸಿದೆ. ಕಾಯಿ ಕೀಳಲು ತೊಳೆದ ಸ್ಟೀಲ್ ತಟ್ಟೆ. ಒಂದನ್ನು ಮಾತ್ರ ಕ್ರಮದ ಹೊರಗೆ ಮಾಡಿದೆ. ಅಂದು ಬೆಳಿಗ್ಗೆ ಒಡತಿಯ ಬುಟ್ಟಿಯಲ್ಲಿ, ಗೋಣಿತಾಟಿನ ಒಂದು ಮಡಿಕೆಯೊಳಗೆ, ಒಂದು ಹಿಡಿ ಬೀನ್ಸ್ ಇಟ್ಟೆ. ಆಕೆ ಪೆಂಡಾಲಿನವನ ಜೊತೆ ಜಗಳವಾಡುತ್ತಿದ್ದರು, ನೋಡಲಿಲ್ಲ.

ನಿರ್ದೇಶಕಿ ಕೈ ತೊಳೆದುಕೊಂಡರು. ಮುಖ್ಯಸ್ಥರೂ ತೊಳೆದರು, ರೈತರೂ ತೊಳೆದರು. “ಊಟಕ್ ಕೂರ್ಸಂಗೆ ಕೈ ತೊಳಿಸ್ತಾವ್ರಲ್ಲಪ್ಪ” ಎಂದು ಯಾರೋ ಅಂದರು. ಹೊಸ ಸಾಲಿನ ಮುಂದೆ ನಿಂತು ಮುಖ್ಯಸ್ಥರು ಮಾತಾಡಿದರು. ನಿರ್ದೇಶಕಿ ಒಂದು ಕಾಯಿ ಕಿತ್ತು, ಉಜ್ಜಿ, ಮೂಸಿದರು. ಇನ್ನೊಂದು ಕಿತ್ತರು.

“ಏನೂ ಬರ್ತಾ ಇಲ್ವಲ್ರೀ.”

“ಬರುತ್ತೆ ಮೇಡಂ, ಸ್ವಲ್ಪ ಜೋರಾಗಿ ಉಜ್ಜಿ.”

ರೈತರೂ ಕಿತ್ತು ಮೂಸಿದರು. ಒಬ್ಬ ಮುದುಕ ಮೂಗೊರೆಸಿಕೊಂಡು, “ನಂಗೇನ್ ನೆಗಡಿ ಆಗದಾ, ಇಲ್ಲ ಕಾಯ್ಗೇ ನೆಗಡಿ ಆಗದಾ ಸಾಹೇಬ್ರೆ?” ಎಂದ. ನಗು ಎದ್ದಿತು. ಮುಖ್ಯಸ್ಥರು ತಾವೇ ಒಂದು ಕಾಯಿ ಮೂಸಿದರು. ಅವರ ಮುಖ ಬದಲಾದದ್ದನ್ನು ನಾನು ತಪ್ಪದೆ ನೋಡಿದೆ. ಅದಕ್ಕಾಗಿಯೇ ಅಲ್ಲಿ ನಿಂತಿದ್ದೆ.

ಒಡತಿಗೆ ಇದನ್ನು ಸಹಿಸಲಾಗಲಿಲ್ಲ. ತಮ್ಮ ಊರಿನ ಹೆಸರು ಹೊತ್ತ ತಳಿ. ಬೆಳಿಗ್ಗೆ ಕಿತ್ತು ತಾಟಿನಲ್ಲಿ ಸುತ್ತಿಟ್ಟಿದ್ದ ಹೊಸ ಸಾಲಿನ ಕಾಯಿಯ ಬುಟ್ಟಿಯನ್ನೇ ಹೊತ್ತು ತಂದರು. “ಇಲ್ನೋಡ್ರವ್ವ, ಇದೂ ಅದೇ ಗಿಡದ್ದು. ಮೂಸ್ನೋಡಿ, ಹೆಂಗ್ ಘಮ್ ಅಂತದೆ!”

ನಿರ್ದೇಶಕಿ ಮೂಸಿದರು. ಹೌದು, ಘಮ್ ಎನ್ನುತ್ತಿತ್ತು. ಮುಖ್ಯಸ್ಥರಿಗೆ ಜೀವ ಬಂತು. “ನೋಡಿದ್ರಾ ಮೇಡಂ? ನಾನ್ ಹೇಳ್ಲಿಲ್ವಾ?”

ನಾನು ಮುಂದೆ ಹೋಗಿ ತಾಟಿನ ಮಡಿಕೆ ಬಿಡಿಸಿ ಬೀನ್ಸ್ ತೆಗೆದು ನಿರ್ದೇಶಕಿಯ ತಟ್ಟೆಗೆ ಹಾಕಿದೆ.

“ಇದನ್ನೂ ಮೂಸಿ ಮೇಡಂ.”

ಅವರು ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಬೀನ್ಸನ್ನು ಆ ಮುದುಕನ ಕೈಗೆ ಕೊಟ್ಟರು. ಅವನು ಮೂಸಿ, ಕಣ್ಣರಳಿಸಿ, ಪಕ್ಕದವನಿಗೆ ಕೊಟ್ಟ. “ಬೀನ್ಸಲ್ಲೂ ಸೊಗಡು ತರ್ಸವ್ರೆ ಕಣ್ರಲಾ, ಇವ್ರು ಸಾಮಾನ್ಯ ಅಲ್ಲ!” ಈ ಸಲದ ನಗು ಪೆಂಡಾಲನ್ನು ದಾಟಿ ರಸ್ತೆಗೆ ಕೇಳಿಸಿತು.

ಮುಖ್ಯಸ್ಥರು ನನ್ನತ್ತ ತಿರುಗಿದರು. ಮೊದಲ ಬಾರಿಗೆ, ಎಲ್ಲರೆದುರು, ನನ್ನ ಪೂರ್ತಿ ಹೆಸರು ಹಿಡಿದು ಹೇಳಿದರು: “ಜೀನ್ ಕೆಲ್ಸ ಎಲ್ಲಾ ಇವ್ರದ್ದೇ ಮೇಡಂ. ಮೊದ್ಲಿಂದ ಕೊನೇವರ್ಗೂ ಇವ್ರೇ ಮಾಡಿದ್ದು. ನಾನು ಅದ್ರಲ್ಲಿ ಕೈ ಹಾಕೇ ಇಲ್ಲ. ಇವ್ರನ್ನ ನಂಬಿ ಕೆಟ್ಟೆ.”

“ಪೂರ್ತಿ ಇವರದ್ದಾ?” ನಿರ್ದೇಶಕಿ ಕೇಳಿದರು. “ಮೊನ್ನೆ ಮೀಟಿಂಗಲ್ಲಿ ನಿಮ್ದು ಅಂದ್ರಲ್ಲ?”

ಮುಖ್ಯಸ್ಥರು ಬುಟ್ಟಿಗೆ ಕೈ ಹಾಕಿ ಇನ್ನೊಂದು ಕಾಯಿ ಎತ್ತಿಕೊಂಡರು.

“ನಂದೇ ಮೇಡಂ” ಎಂದೆ. “ಈ ಸಾಲಲ್ಲಿ ಆ ಜೀನ್ ಮಲಗಿದೆ ಅಂತ ಎರಡು ಸಲ ಸಾರ್‌ಗೆ ಹೇಳಿದೀನಿ. ಗ್ರಾಫ್ ತೋರಿಸ್ತೀನಿ, ಬನ್ನಿ.”

ಮುಂದಿನದು ಬೇಗ ನಡೆಯಿತು. ಅವರನ್ನು ಬೇರೆ ವಿಭಾಗಕ್ಕೆ ಹಾಕಿದರು. ಎರಡು ಜೀನುಗಳ ಕೆಲಸ ನನ್ನ ಹೆಸರಿಗೆ ಬಂತು, ಹುದ್ದೆ ಉಳಿಯಿತು. ತಮ್ಮ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ ದಿನ ಅವರು ನನ್ನನ್ನು ಕೇಳಿದರು: “ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ?”

“ಹೇಳ್ಬಹುದಿತ್ತು ಸಾರ್” ಎಂದೆ. ಆ ಎರಡು ಪದಗಳನ್ನು ಹೇಳಿದಾಗ ಆದ ತೃಪ್ತಿ ನನ್ನನ್ನು ಬೆಚ್ಚಿಬೀಳಿಸಿತು. ಇಷ್ಟು ಸುಖ ನನಗೆ ಯಾವ ಗೆರೆ ಎದ್ದಾಗಲೂ ಆಗಿರಲಿಲ್ಲ. ಇವತ್ತಿಗೂ ಅದು ಕಡಿಮೆಯಾಗಿಲ್ಲ.

ಆ ತಿಂಗಳ ಕೊನೆಗೆ ನಾಟಿಯ ಕೊನೆಯ ಮಾದರಿ ತರಲು ಹೊಲಕ್ಕೆ ಹೋದೆ. ಒಡತಿ ಬೇಲಿಯ ಒಳಗೇ ನಿಂತರು. ಬೇಲಿಬಾಗಿಲಿನ ಕೊಂಡಿ ತೆಗೆಯಲಿಲ್ಲ.

“ಸಂತೇಲಿ ನನ್ನ ಏನಂತ ಕರೀತಾವ್ರೆ ಗೊತ್ತಾ? ಬೀನ್ಸಕ್ಕ. ಕಾಯಿ ಸುರೀತಿದ್ದಂಗೆ, ‘ಇದು ಕಾಯ್ದಾ ತಾಟ್ದಾ’ ಅಂತ ಕೇಳ್ತಾರೆ. ನಂದು ಅಪ್ಪಟ ನಾಟಿ. ಅರ್ಧ ರೇಟಿಗೂ ಮುಟ್ತಿಲ್ಲ.”

ತಾಟಿನ ಮಡಿಕೆ ಬಿಡಿಸುವಾಗ ನನ್ನ ಕಣ್ಣೆದುರು ಒಂದೇ ಮುಖವಿತ್ತು. ಬುಟ್ಟಿ ಹೊತ್ತು ನಿಂತವರ ಮುಖವನ್ನು ನಾನು ನೋಡಿರಲೇ ಇಲ್ಲ.

“ಅವ್ನ ಮ್ಯಾಲಿನ್ ಸಿಟ್ಟು ತೀರ್ಸ್ಕೊಳಾಕೆ ನನ್ನ ಬುಟ್ಟೀನೇ ಬೇಕಾಗಿತ್ತಾ ತಾಯಿ? ನಂಗೊಂದ್ ಮಾತ್ ಹೇಳಿದ್ರೆ ನಾನೇ ಬೇರೆ ತಾಟು ತರ್ತಿದ್ದೆ. ಅವ್ನ್ ಮಕಕ್ಕೆ ನಾನೇ ಬೀನ್ಸ್ ಹಿಡೀತಿದ್ದೆ.”

“ತಪ್ಪಾಯ್ತು ಅಕ್ಕ. ಏನ್ ಮಾಡ್ಲಿ ಹೇಳಿ.”

“ಏನ್ ಮಾಡ್ತೀಯ? ನಾಳಿಕ್ ಸಂತೆ. ಬಾ. ನನ್ ಪಕ್ಕ ಕುಂತ್ಕೊ.”

ಮಾರನೆಯ ಬೆಳಿಗ್ಗೆ ಕಾಯಿ ಕಿತ್ತಿದ್ದು ನನ್ನ ಸ್ಟೀಲ್ ತಟ್ಟೆಗಳಿಗೆ. ಗುಬ್ಬಿ ಸಂತೆಯಲ್ಲಿ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ರಾಶಿ ಹಾಕಿದೆವು. ನಾನು ಪಕ್ಕದಲ್ಲಿ ಕೂತೆ. ಎದುರಿನ ವ್ಯಾಪಾರಿ ಬಂದು ಒಂದು ಕಾಯಿ ಎತ್ತಿ, ಮೂಸಿ, ಹಾಳೆಯ ಅಂಚನ್ನು ಎತ್ತಿ ಕೆಳಗೆ ಇಣುಕಿದ.

“ಎಲ್ಲಿ ಅಕ್ಕೋ ಬೀನ್ಸು? ಇವತ್ತು ತಂದಿಲ್ವಾ?”

“ಬೀನ್ಸ್ ಮನೇಲ್ ಮಡಗಿವ್ನಿ, ನಿನ್ ಹೆಂಡ್ರಿಗೆ ಸೀಮಂತಕ್ಕೆ. ಕಾಯಿ ಮೂಸ್ಲಾ ಮೊದ್ಲು.”

ಅವನು ಇನ್ನೂ ಎರಡು ಕಾಯಿ ಉಜ್ಜಿ ನೋಡಿದ. ಅನುಮಾನ ಪೂರ್ತಿ ಹೋಗಿರಲಿಲ್ಲ. ನನ್ನ ಕಡೆ ಗಲ್ಲ ಎತ್ತಿ ಕೇಳಿದ: “ಇವ್ರ್ಯಾರು?”

ನಾನು ಹೇಳಲೆಂದು ಬಾಯಿ ತೆರೆದೆ. ಒಡತಿ ತಡೆದರು.

“ಅವತ್ತು ಹೊಲ್ದಾಗೆ ಆ ದೊಡ್ಡ ಸಾಹೇಬ್ರನ್ನ ಮಕಾಡೆ ಮಲಗಿಸ್ಬುಟ್ರಲ್ಲ, ಅವ್ರೇ ಕಣಪ್ಪ. ಕಾಯಿ ಒಳಗ್ ಏನದೆ ಅಂತ ಇವ್ರಿಗ್ ಗೊತ್ತಾಯ್ತದೆ. ಇವ್ರ ಮುಂದೆ ಸುಳ್ ಹೇಳಿದ್ರೆ ನಿಂಗೂ ಅದೇ ಗತಿ.”

ವ್ಯಾಪಾರಿ ನನ್ನನ್ನು ಇನ್ನೊಮ್ಮೆ ನೋಡಿದ. ಕಾಯನ್ನು ರಾಶಿಗೆ ಮೆಲ್ಲಗೆ ಹಾಕಿ, ಸರಿಯಾದ ಬೆಲೆಯನ್ನೇ ಕೇಳಿದ.

ಇಷ್ಟು ವರ್ಷದ ನನ್ನ ಕೆಲಸವನ್ನು ಹೊರಗಿನವರೊಬ್ಬರಿಗೆ ಯಾರಾದರೂ ಪರಿಚಯ ಮಾಡಿಕೊಟ್ಟದ್ದು ಅದೇ ಮೊದಲು. ಅದರಲ್ಲಿ ಜೀನೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ತಿದ್ದಬಹುದಿತ್ತು. ತಕ್ಕಡಿ ಎತ್ತಿ ಕಾಯಿ ತೂಗತೊಡಗಿದೆ.